ಬೆಳಗಿನ ಮೊದಲ ಕರೆ

ಜನವರಿ 6, ಸೋಮವಾರ

ಮುದ್ರಣಾಲಯದಿಂದ ಗಂಡ ತಂದುಕೊಟ್ಟ ಹೊಸ ಡೈರಿ ಆರು ದಿನದಿಂದ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಬರೆಯುವಂಥದ್ದು ಏನಾದರೂ ಆಗಲಿ, ಆಮೇಲೆ ಬರೆಯೋಣ ಎಂದಿದ್ದೆ. ಇವತ್ತು ಆಯಿತು. ಹೊಸ ಯಂತ್ರ ಪರೀಕ್ಷೆಯ ಕೋಣೆಗೆ ಹೋಯಿತು.

ಡಯಾಲಿಸಿಸ್ ಯಂತ್ರ. ಕಿಡ್ನಿ ಕೈಕೊಟ್ಟವರ ರಕ್ತವನ್ನು ಹೊರಗೆ ತಂದು, ತೊಳೆದು, ಮತ್ತೆ ಮೈಯೊಳಕ್ಕೆ ಬಿಡುತ್ತದೆ. ಅದರ ಪಂಪು, ನಳಿಗೆ, ಪರದೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಕಣ್ಣಿಗೆ ಬೀಳದ್ದು ಒಳಗಿನ ಕರ್ನೆಲ್. ಯಾವ ಕೆಲಸ ಯಾವಾಗ ಆಗಬೇಕು ಎಂದು ಪ್ರೊಸೆಸರಿಗೆ ಹೇಳುವ ಯಜಮಾನಿಕೆ ಅದರದು. ಆ ಕರ್ನೆಲ್ ನನ್ನದು. ಹತ್ತೊಂಬತ್ತು ವರ್ಷದ ಹಿಂದೆ ಮೊದಲ ಸಾಲು ಬರೆದಾಗಿನಿಂದ ಇವತ್ತಿನವರೆಗೆ ಆ ಕಡತದ ನೆತ್ತಿಯ ಮೇಲೆ ಒಂದೇ ಹೆಸರಿದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಅತ್ತೆಗಂತೂ ನನ್ನಷ್ಟು ಸಂಕೋಚವೂ ಇಲ್ಲ. ಮೆಟ್ಟಿಲಿನಲ್ಲಿ ಸಿಕ್ಕವರಿಗೆಲ್ಲ "ನನ್ನ ಸೊಸೆ ಕಿಡ್ನಿ ಮಾಡ್ತಾಳೆ" ಎನ್ನುತ್ತಾರೆ. "ಕಿಡ್ನಿ ಅಲ್ಲ ಅತ್ತೆ, ಯಂತ್ರದ ಒಳಗೆ ನಡೆಯೋ ಪ್ರೋಗ್ರಾಂ" ಎಂದರೆ, "ಅದೇ ಕಣೇ, ಒಳಗಿಂದು" ಎಂದು ನನ್ನನ್ನೇ ಸುಮ್ಮನಾಗಿಸುತ್ತಾರೆ.

ಹೆಮ್ಮೆಗೆ ಇನ್ನೊಂದು ಕಾರಣವೂ ಇದೆ, ಬರೆದಿಡುತ್ತೇನೆ. ಪ್ರೊಸೆಸರ್ ತನ್ನ ಪಾಡಿಗೆ ಕೆಲಸ ಮಾಡುತ್ತಿರುವಾಗ ಯಾವುದಾದರೂ ಉಪಕರಣಕ್ಕೆ ಅವಸರ ಬಿದ್ದರೆ ಅದು ಒಂದು ತಂತಿ ಜಗ್ಗುತ್ತದೆ. ಅದಕ್ಕೆ ಇಂಟರಪ್ಟ್ ಎನ್ನುತ್ತಾರೆ, ನಾನು ಕರೆ ಎನ್ನುತ್ತೇನೆ. ಪ್ರೊಸೆಸರ್ ತಾನು ಎಲ್ಲಿದ್ದೆ ಎಂದು ಗುರುತು ಹಾಕಿಟ್ಟು, ಎದ್ದು ಹೋಗಿ, ಕರೆದವರ ಕೆಲಸ ಮುಗಿಸಿ, ಬಿಟ್ಟಲ್ಲಿಂದಲೇ ಮುಂದುವರಿಸಬೇಕು. ಈ ಸಲ ಬೋರ್ಡಿನಲ್ಲಿ ತಂತಿಗಳು ಸಾಲಲಿಲ್ಲ. ಬೋರ್ಡಿನವನು, ಒಂಬತ್ತು ವರ್ಷದಿಂದ ನಮ್ಮಲ್ಲಿ ಸರ್ಕ್ಯೂಟ್ ಬೋರ್ಡು ಮಾಡುವವನು, ಹೋದ ವರ್ಷ ಹೆದರಿಕೊಂಡೇ ನನ್ನ ಮೇಜಿಗೆ ಬಂದಿದ್ದ.

"ಮೇಡಂ, ಗಾಳಿಗುಳ್ಳೆ ಸೆನ್ಸರಿಗೆ ತಂತಿ ಉಳಿದಿಲ್ಲ. ಮುಂದಿನ ಫಲಕದ ಗುಂಡಿಗಳಿಗೆ ಇರೋ ತಂತಿಗೇ ಸೇರಿಸಿದ್ರೆ ನಡೆಯುತ್ತಾ?"

"ನನ್ನ ಕರ್ನೆಲ್ಲಿಗೆ ಒಂದು ತಂತಿಗೆ ಹತ್ತು ಗಿರಾಕಿ ಇದ್ರೂ ನಡೆಯುತ್ತೆ."

ನಡೆಯುತ್ತದೆ. ತಂತಿ ಅಲುಗಿದಾಗ ಯಾರೋ ಕರೆದರು ಎಂದಷ್ಟೇ ಗೊತ್ತಾಗುವುದು. ಆಗ ಕರ್ನೆಲ್ ಆ ತಂತಿಯ ಪಾಲುದಾರರನ್ನು ಸಾಲಾಗಿ ಕೇಳುತ್ತದೆ: ಈ ಕರೆ ನಿನ್ನದಾ? ನನ್ನದಲ್ಲ ಎಂದರೆ ಮುಂದಿನವನನ್ನು ಕೇಳುತ್ತದೆ. ಒಬ್ಬ ನನ್ನದು ಎಂದ ಕೂಡಲೇ ಕೇಳುವುದನ್ನು ನಿಲ್ಲಿಸುತ್ತದೆ. ಯಂತ್ರ ಆನ್ ಮಾಡಿದಾಗ ಯಾರು ಮೊದಲು ಎದ್ದು ಹಾಜರಿ ಹಾಕುತ್ತಾರೋ ಅವರು ಸಾಲಿನಲ್ಲಿ ಮೊದಲು. ಎರಡೂ ನನ್ನ ಏರ್ಪಾಡೇ. ಕಾಲ ಹಾಳಾಗುವುದಿಲ್ಲ.

ಜನವರಿ 9, ಗುರುವಾರ

ಪರೀಕ್ಷೆಯ ಕೋಣೆಯಿಂದ ದೂರು. ಆ ಕೋಣೆಯಲ್ಲಿ ಕೆಲಸ ಮಾಡುವ ಹೆಂಗಸಿಗೆ ನಾನು ಮನಸ್ಸಿನಲ್ಲೇ ಗುಂಡಿಯಮ್ಮ ಎಂದು ಹೆಸರಿಟ್ಟಿದ್ದೇನೆ. ದಿನವಿಡೀ ಗುಂಡಿ ಒತ್ತುವುದೇ ಅವಳ ಕೆಲಸ. ಯಂತ್ರ ಆನ್ ಮಾಡುತ್ತಾಳೆ, ನಳಿಗೆಯಲ್ಲಿ ಓಡುವ ಕೆಂಪು ನೀರಿಗೆ ಸಿರಿಂಜಿನಿಂದ ಒಂದು ಗಾಳಿಗುಳ್ಳೆ ಬಿಡುತ್ತಾಳೆ, ಕೂಗು ಎಷ್ಟು ಹೊತ್ತಿಗೆ ಬಂತು ಎಂದು ಬರೆದುಕೊಳ್ಳುತ್ತಾಳೆ, ಆಫ್ ಮಾಡುತ್ತಾಳೆ, ಮತ್ತೆ ಆನ್ ಮಾಡುತ್ತಾಳೆ. ಅರ್ಧ ಸೆಕೆಂಡಿನೊಳಗೆ ಯಂತ್ರ ಕೂಗಿ ನಳಿಗೆಯನ್ನು ಚಿಮಟಿಯಲ್ಲಿ ಹಿಡಿಯಬೇಕು. ಇವತ್ತು ಒಂದು ಸಲ ನಾಲ್ಕು ಸೆಕೆಂಡಾಯಿತಂತೆ.

ನಾಲ್ಕು ಸೆಕೆಂಡಿನಲ್ಲಿ ಗುಳ್ಳೆ ಮನುಷ್ಯನ ಮೈಯೊಳಕ್ಕೆ ಹೋಗಿರುತ್ತದೆ. ಅದರಾಚೆ ಬರೆಯುವುದು ಬೇಡ. ಐದು ಸೆಕೆಂಡಿಗೊಮ್ಮೆ ಎಲ್ಲವನ್ನೂ ನೋಡಿಬರುವ ಒಂದು ನಿಧಾನದ ಕಾವಲು ಕರ್ನೆಲ್ಲಿನಲ್ಲಿ ಇದೆ, ಅದು ಕಂಡುಹಿಡಿದದ್ದಕ್ಕೆ ಅಷ್ಟಾದರೂ ಕೂಗಿತು. ಎಂದರೆ ಸೆನ್ಸರಿನ ಕರೆ ಬಂದಂತಿಲ್ಲ.

ಸಂಜೆ ಮೀಟಿಂಗು. ಮ್ಯಾನೇಜರ್ ಯಾವಾಗಲೂ ತನ್ನ ಎಡಗೈ ಪಕ್ಕದ ಕುರ್ಚಿಯಿಂದ ಕೇಳಲು ಶುರುಮಾಡುತ್ತಾನೆ. ಬೋರ್ಡಿನವನು ಎಲ್ಲರಿಗಿಂತ ಮುಂಚೆ ಬಂದು ಆ ಕುರ್ಚಿಯಲ್ಲೇ ಕೂರುತ್ತಾನೆ.

"ಏನಿದು? ನಿಮ್ಮ ಕಡೆಯದಾ?"

"ನಂದೇ ಇರಬಹುದು ಸಾರ್. ನೋಡ್ತೀನಿ."

ಅಲ್ಲಿಗೆ ಮೀಟಿಂಗು ಮುಗಿಯಿತು. ನನ್ನವರೆಗೆ ಪ್ರಶ್ನೆ ಬರಲೇ ಇಲ್ಲ, ಬರುವ ಅಗತ್ಯವೂ ಇರಲಿಲ್ಲ. ಆ ಮನುಷ್ಯ ಕಾಫಿ ಯಂತ್ರ ಕೆಟ್ಟರೂ ನಂದೇ ಇರಬಹುದು ಎನ್ನುತ್ತಾನೆ.

ಜನವರಿ 10, ಶುಕ್ರವಾರ

ಮತ್ತೆ ಒಂದು ಸಲ. ನಾಲ್ಕೂವರೆ ಸೆಕೆಂಡು. ನನ್ನ ಪಾಡಿಗೆ ನಾನಿದ್ದೇನೆ.

ಜನವರಿ 14, ಮಂಗಳವಾರ

ಇಷ್ಟು ಹೊತ್ತಿಗೆ ನೂರಾ ಅರವತ್ತು ಪರೀಕ್ಷೆಯಲ್ಲಿ ನಾಲ್ಕು ತಪ್ಪಿವೆ. ಕಚೇರಿಯ ಹಜಾರದಲ್ಲಿ "ಕರ್ನೆಲ್ಲೂ ಇರಬಹುದಲ್ಲ" ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಮೈ ಉರಿಯಿತು. ನಾನೇ ಅಳತೆಯ ಉಪಕರಣ ಹೊತ್ತುಕೊಂಡು ಹೋದೆ, ನಾಲ್ಕೂ ಸಲದ ದಾಖಲೆ ತೆಗೆಸಿದೆ. ನನ್ನ ಕರ್ನೆಲ್ ಪ್ರತಿ ಕರೆಯನ್ನೂ ಬರೆದಿಡುತ್ತದೆ. ನಾಲ್ಕೂ ಸಲ ತಂತಿ ಅಲುಗಿದೆ. ನಾಲ್ಕೂ ಸಲ ಮೂರು ಮೈಕ್ರೋಸೆಕೆಂಡಿನಲ್ಲಿ ಕರ್ನೆಲ್ ಎದ್ದಿದೆ. ನಾಲ್ಕೂ ಸಲ "ನನ್ನದು" ಎಂಬ ಉತ್ತರ ಬಂದಿದೆ. ಕರೆ ಬಂತು, ಉತ್ತರ ಸಿಕ್ಕಿತು. ಅಲ್ಲಿಂದ ಮುಂದೆ ಸೆನ್ಸರ್ ಏನು ಹೇಳಿತೋ, ಬೋರ್ಡು ಏನು ಮಾಡಿತೋ ನನಗೆ ಸಂಬಂಧವಿಲ್ಲ. ಇಷ್ಟು ಸ್ವಚ್ಛವಾದ ದಾಖಲೆಯನ್ನು ಬೇರೆ ಯಾರ ಪ್ರೋಗ್ರಾಮಿನಲ್ಲಾದರೂ ತೋರಿಸಲಿ.

ಹೊರಡುವಾಗ ಗುಂಡಿಯಮ್ಮ ತನ್ನ ನೋಟ್‌ಬುಕ್ಕು ಹಿಡಿದುಕೊಂಡು ಅಡ್ಡ ಬಂದಳು. ಕಚೇರಿಯ ಫಾರಂ ಸಾಲದು ಎಂದು ಅವಳದೇ ಒಂದು ಪುಸ್ತಕ. ಗೆರೆ ಹೊಡೆದು ಅಚ್ಚುಕಟ್ಟಾಗಿ ಕಾಲಂ ಮಾಡಿಕೊಂಡಿದ್ದಾಳೆ. ಸಲ, ಸಮಯ, ಎಷ್ಟು ಸೆಕೆಂಡು, ಕೊನೆಯ ಕಾಲಮ್ಮಿಗೆ ಸ್ವೆಟರ್.

"ಇದೇನಮ್ಮಾ ಸ್ವೆಟರ್?"

"ನಾನು ಹಾಕ್ಕೊಂಡಿದ್ನಾ ತೆಗೆದಿದ್ನಾ ಅಂತ ಮೇಡಂ. ಈ ಕೋಣೆ ಬೆಳಿಗ್ಗೆ ತುಂಬಾ ಥಂಡಿ. ಹತ್ತು ಗಂಟೆ ಆದ ಮೇಲೆ ತೆಗೀತೀನಿ. ತಪ್ಪಿದ್ದೆಲ್ಲ ಹಾಕ್ಕೊಂಡಿದ್ದಾಗಲೇ. ಅದೂ ಬೆಳಗಿನ ಮೊದಲನೇ ಸಲ."

ನಗು ತಡೆಯಲಾಗಲಿಲ್ಲ. "ನಿಮ್ಮ ಸ್ವೆಟರಿಗೂ ಪ್ರೊಸೆಸರಿಗೂ ಮಾತುಕತೆ ಇರೋ ಹಾಗೆ ಕಾಣಲ್ಲ" ಎಂದೆ. ಅವಳೂ ನಕ್ಕಳು. ಪುಸ್ತಕ ಮಾತ್ರ ಮುಚ್ಚಲಿಲ್ಲ.

ಜನವರಿ 15, ಬುಧವಾರ

ವರದಿ ಬರೆದುಕೊಟ್ಟೆ. ಎರಡೇ ಪುಟ. ಕೊನೆಯ ವಾಕ್ಯ: ಕರ್ನೆಲ್ಲಿನಲ್ಲಿ ಯಾವ ದೋಷವೂ ಇಲ್ಲ. ಕೆಳಗೆ ಸಹಿ. ನನ್ನ ಸಹಿ ಇದ್ದರೆ ಮ್ಯಾನೇಜರ್ ಎರಡನೇ ಸಲ ಓದುವುದಿಲ್ಲ.

ಸಂಜೆ ಗಂಡನಿಗೆ ಓದಿ ಹೇಳಿದೆ. ಅವರು ಇಪ್ಪತ್ತೇಳು ವರ್ಷದಿಂದ ಕರಡು ತಿದ್ದುವವರು. ಅಡುಗೆಮನೆಯ ಮೇಜಿನ ಮೇಲೆ ಯಾವುದೋ ಶಾಲಾ ಪುಸ್ತಕದ ಹಾಳೆ ಹರಡಿಕೊಂಡು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಿದ್ದರು. ಅವರದು ಯಾವಾಗಲೂ ಹಾಗೆಯೇ. ಮೇಲಿಂದ ಓದಿದರೆ ಅರ್ಥ ಕೈಹಿಡಿದು ಎಳೆದುಕೊಂಡು ಹೋಗುತ್ತದೆ, ತಪ್ಪು ಕಾಣುವುದಿಲ್ಲ ಎನ್ನುತ್ತಾರೆ.

"ವರದಿ ಚೆನ್ನಾಗಿದೆ. ಪರಿಶೀಲನೆ ಮಾಡಿದ್ದು ಯಾರು?"

"ನಾನೇ ರೀ. ನನಗಿಂತ ಚೆನ್ನಾಗಿ ಆ ಕೋಡ್ ಯಾರಿಗೆ ಗೊತ್ತು?"

"ಅದಕ್ಕೇ ಕೇಳಿದೆ. ನಾನು ಬರೆದ ಕಾಗದಾನ ನಾನು ತಿದ್ದಲ್ಲ. ಇರೋದು ಕಾಣಲ್ಲ, ಬರೀಬೇಕು ಅಂದ್ಕೊಂಡಿದ್ದೇ ಕಾಣುತ್ತೆ."

"ನಿಮ್ಮ ಮುದ್ರಣದೋಷ ಬೇರೆ, ಇದು ಬೇರೆ."

"ಹೌದೌದು" ಎಂದು ಮತ್ತೆ ಕೊನೆಯ ಸಾಲಿಗೆ ಹೋದರು. ಹೀಗೆ ಒಪ್ಪಿಕೊಂಡವರ ಜೊತೆ ಜಗಳ ಆಡುವುದಾದರೂ ಹೇಗೆ.

ಜನವರಿ 17, ಶುಕ್ರವಾರ

ಮ್ಯಾನೇಜರ್ ನನ್ನ ವರದಿಯನ್ನು ಎಲ್ಲರಿಗೂ ಕಳಿಸಿದ್ದಾನೆ. ಮುಂದಿನ ಶುಕ್ರವಾರ ತೀರ್ಮಾನ. ಬೋರ್ಡಿನ ಕೆಲಸವನ್ನು ಹೊರಗಿನವರಿಗೆ ಕೊಡುವುದು, ಬೋರ್ಡಿನವನನ್ನು ಕೆಲಸದಿಂದ ಬಿಡುವುದು. "ನೀವು ಅಷ್ಟು ಸ್ಪಷ್ಟವಾಗಿ ಬರೆದುಕೊಟ್ಟಿದ್ದು ಒಳ್ಳೇದಾಯ್ತು ಮೇಡಂ" ಎಂದ.

ಬಿಡುವುದು ಎಂದು ನಾನೆಲ್ಲೂ ಬರೆದಿರಲಿಲ್ಲ. ಕರ್ನೆಲ್ ಸರಿ ಇದೆ ಎಂದಷ್ಟೇ ಬರೆದಿದ್ದೆ.

ಲಿಫ್ಟಿನಲ್ಲಿ ಬೋರ್ಡಿನವನು ಸಿಕ್ಕಿದ. ಕೈಯಲ್ಲಿ ಬಿಚ್ಚಿದ ಮೂರು ಸೆನ್ಸರುಗಳ ಡಬ್ಬ. "ನಿಮ್ಮ ವರದಿ ಓದಿದೆ ಮೇಡಂ. ತುಂಬಾ ಅಚ್ಚುಕಟ್ಟಾಗಿದೆ. ನಂದೇ ಎಲ್ಲೋ ತಪ್ಪಿದೆ, ಸಿಗ್ತಾ ಇಲ್ಲ" ಎಂದ. ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿಸಿ ಕೊಡುತ್ತಿದ್ದೆ. ಅವನ ಅಂತಸ್ತು ಬಂತು, ಇಳಿದು ಹೋದ.

ಜನವರಿ 20, ಸೋಮವಾರ

ಒಂದಾದ ಮೇಲೊಂದು ಮೂರು ಸೆನ್ಸರ್ ಬದಲಾಯಿಸಿ ಆಯಿತು. ಬೋರ್ಡೂ ಬೇರೆ ಹಾಕಿ ಆಯಿತು. ಬೆಳಿಗ್ಗೆ ಮತ್ತೆ ತಪ್ಪಿತು.

ಊಟದ ಹೊತ್ತಿಗೆ ಗುಂಡಿಯಮ್ಮ ನನ್ನ ಮೇಜಿಗೇ ಬಂದಳು, ಅದೇ ಪುಸ್ತಕ. "ಏಳಾಯ್ತು ಮೇಡಂ. ಏಳೂ ಮೊದಲನೇ ಸಲ, ಏಳೂ ಸ್ವೆಟರ್. ನೀವು ಒಂದು ಸಲ ಬೆಳಿಗ್ಗೆ ಬಂದು ನೋಡಿದ್ರೆ."

"ನೋಡಿ, ನಿಮ್ಮ ಕೆಲಸ ಪರೀಕ್ಷೆ ಮಾಡೋದು, ಕಾರಣ ಹುಡುಕೋದಲ್ಲ."

"ಸರಿ ಮೇಡಂ" ಎಂದಳು. ಬೇಜಾರಾದ ಹಾಗೆ ಕಾಣಲಿಲ್ಲ. ಪುಸ್ತಕವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದಳು. ಮರೆತು ಬಿಟ್ಟಳೋ, ಬೇಕೆಂದೇ ಬಿಟ್ಟಳೋ.

ಜನವರಿ 21, ಮಂಗಳವಾರ

ಸ್ವೆಟರಿನ ಕಥೆಯನ್ನು ಒಮ್ಮೆಗೇ ಮುಗಿಸಿಬಿಡೋಣ ಎಂದು ಏಳೂವರೆಗೇ ಹೋದೆ. ಆ ಕೋಣೆ ಕಟ್ಟಡದ ಬಿಸಿಲು ಬೀಳದ ಮೂಲೆಯಲ್ಲಿದೆ. ಉಕ್ಕಿನ ಮೇಜು, ಸಿಮೆಂಟಿನ ನೆಲ, ಮುಚ್ಚಿದರೂ ಪೂರ್ತಿ ಮುಚ್ಚದ ಒಂದು ಕಿಟಕಿ. ಬೆರಳು ಮರಗಟ್ಟಿದವು. ನಾನೇ ಆನ್ ಮಾಡಿ ನಾನೇ ಗುಳ್ಳೆ ಬಿಟ್ಟೆ. ನಾಲ್ಕು ಸೆಕೆಂಡು. ಆಫ್ ಮಾಡಿ, ಆನ್ ಮಾಡಿ, ಮತ್ತೆ ಬಿಟ್ಟೆ. ಅರ್ಧ ಸೆಕೆಂಡೂ ಇಲ್ಲ. ಆಮೇಲೆ ಹತ್ತು ಸಲ ಮಾಡಿದೆ, ಹತ್ತೂ ಸರಿ.

ಗುಂಡಿಯಮ್ಮ ಎಂಟು ಗಂಟೆಗೆ ಬಂದು ನನ್ನನ್ನು ನೋಡಿ, ಏನೂ ಕೇಳದೆ, ಕುತ್ತಿಗೆಯ ಮಫ್ಲರ್ ಬಿಚ್ಚಿ ಕೊಟ್ಟಳು. ಹಾಕಿಕೊಂಡೆ. ಚಳಿ ಇತ್ತು.

ಸೆನ್ಸರ್ ಮಾಡಿದವರ ಕಾಗದ ತೆಗೆದು ನೋಡಿದೆ. ಥಂಡಿಯಲ್ಲಿ ಅದು ಮೈ ಬೆಚ್ಚಗೆ ಮಾಡಿಕೊಂಡು ಏಳಲು ಎರಡು ಸೆಕೆಂಡು ತೆಗೆದುಕೊಳ್ಳುತ್ತದಂತೆ, ಒಮ್ಮೆ ಬೆಚ್ಚಗಾದರೆ ಮುಂದಿನ ಸಲ ತಡವಿಲ್ಲವಂತೆ. ಹಾಗಾದರೆ ಸೆನ್ಸರಿನದೇ ತಪ್ಪು ಎಂದು ಮನಸ್ಸು ಹಗುರಾಯಿತು. ಪುಟದ ಅಡಿಯಲ್ಲಿ ಎರಡು ಸೆಕೆಂಡು ಆಗಬಹುದು ಎಂದು ಒಪ್ಪಿದವರ ಸಹಿ ಇತ್ತು. ನನ್ನದೇ. ಎದ್ದ ಮೇಲೆ ಅದು ಸರಿಯಾಗಿಯೇ ಕರೆಯುತ್ತದೆ, ದಾಖಲೆಯಲ್ಲಿ ತಂತಿ ಅಲುಗಿದ್ದೂ ಇದೆ. "ನನ್ನದು" ಎಂಬ ಉತ್ತರವೂ ಇದೆ.

ನನ್ನದು ಎಂದವರು ಯಾರು? ದಾಖಲೆಯಲ್ಲಿ ಅದಿಲ್ಲ. ಯಾರು ಎಂದು ಬರೆದಿಡುವುದು ದಂಡ ಎಂದು ನಾನೇ ಬಿಟ್ಟಿದ್ದೆ.

ಜನವರಿ 22, ಬುಧವಾರ

ಸಿಕ್ಕಿತು.

ಬೆಳಿಗ್ಗೆ ಗುಂಡಿಫಲಕದ ಡ್ರೈವರ್ ತೆರೆದೆ. ಫಲಕದ ಗುಂಡಿಗಳ ಪರವಾಗಿ ಕರ್ನೆಲ್ಲಿಗೆ ಉತ್ತರ ಕೊಡುವ ಸಣ್ಣ ಪ್ರೋಗ್ರಾಂ ಅದು, ಒಂದೂಮುಕ್ಕಾಲು ಪುಟ. ಮೇಲಿಂದ ಕೆಳಗೆ ನಾಲ್ಕು ಸಲ ಓದಿದೆ. ಕನ್ನಡಿ ನೋಡಿಕೊಂಡ ಹಾಗಿತ್ತು, ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಗಂಡನ ಹಾಗೆ ಕೊನೆಯ ಸಾಲಿನಿಂದ ಓದಿದೆ.

ಕೊನೆಯ ಸಾಲು: ನನ್ನದು ಎಂದು ಉತ್ತರ ಕೊಡು. ಅದರ ಮೇಲಿನ ಸಾಲು ಏನು ಕೇಳಿದರೂ ಕೊನೆಯ ಸಾಲು ಅದೇ. ಗುಂಡಿ ಒತ್ತಿದ್ದರೂ ನನ್ನದು, ಒತ್ತದಿದ್ದರೂ ನನ್ನದು. ನಿಜವಾಗಿ ಯಾವುದಾದರೂ ಗುಂಡಿ ಒತ್ತಿದೆಯಾ ಎಂದು ನೋಡುವ ಸಾಲು ಎಲ್ಲೂ ಇಲ್ಲ. ಪಕ್ಕದಲ್ಲಿ ಒಂದು ಟಿಪ್ಪಣಿ: ಈ ತಂತಿಗೆ ಬೇರೆ ಯಾರು ಬರುತ್ತಾರೆ. ಹನ್ನೊಂದು ವರ್ಷದ ಹಿಂದಿನ ತಾರೀಖು. ಟಿಪ್ಪಣಿ ನನ್ನದು, ತಾರೀಖು ನನ್ನದು, ಅದರಲ್ಲಿನ ಜಂಬವೂ ನನ್ನದೇ.

ಆಗ ಆ ತಂತಿಯಲ್ಲಿ ಗುಂಡಿಫಲಕ ಒಂದೇ ಇತ್ತು. ಈಗ ಇಬ್ಬರಿದ್ದಾರೆ. ಬೆಚ್ಚಗಿರುವಾಗ ಸೆನ್ಸರ್ ಮೊದಲು ಎದ್ದು ಸಾಲಿನಲ್ಲಿ ಮುಂದೆ ನಿಲ್ಲುತ್ತದೆ, ತೊಂದರೆ ಇಲ್ಲ. ಥಂಡಿಯಲ್ಲಿ ಫಲಕ ಮೊದಲು ಏಳುತ್ತದೆ. ಗುಳ್ಳೆ ಬಂದು ಸೆನ್ಸರ್ ತಂತಿ ಜಗ್ಗಿದರೆ, ಕರ್ನೆಲ್ ಮೊದಲು ಫಲಕವನ್ನು ಕೇಳುತ್ತದೆ, ಅದು ಕಣ್ಣೂ ಬಿಡದೆ ನನ್ನದು ಎನ್ನುತ್ತದೆ, ಕರ್ನೆಲ್ ಸಮಾಧಾನವಾಗಿ ವಾಪಸ್ಸು ಬರುತ್ತದೆ. ಸೆನ್ಸರನ್ನು ಕೇಳುವವರೇ ಇಲ್ಲ.

ತಿದ್ದಲು ಮೂರು ಸಾಲು ಸಾಕು. ನನ್ನ ಕಡತವನ್ನು ಈ ಕಟ್ಟಡದಲ್ಲಿ ಇನ್ನೊಬ್ಬರು ತೆರೆದವರಿಲ್ಲ. ಮೂರು ಸಾಲು ಹಾಕಿ, ಟಿಪ್ಪಣಿ ಅಳಿಸಿ, ಸುಮ್ಮನಿದ್ದರೆ ನಾಳೆಯಿಂದ ಕೂಗು ಹೊತ್ತಿಗೆ ಸರಿಯಾಗಿ ಬರುತ್ತದೆ. ಹೊಸ ಸೆನ್ಸರ್ ಹಾಕಿದ್ದಕ್ಕೆ ಸರಿಹೋಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇದನ್ನು ಯೋಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಧ್ಯಾಹ್ನವಿಡೀ ಯೋಚಿಸಿದೆ. ಹತ್ತೊಂಬತ್ತು ವರ್ಷದ ಹೆಸರು.

ಸಂಜೆ ಗಂಡನನ್ನು ಕೇಳಿದೆ: "ಅಚ್ಚಾಗಿ ಹೋದ ಪುಸ್ತಕದಲ್ಲಿ ನಿಮ್ಮ ಕಣ್ಣು ತಪ್ಪಿದ್ದು ಸಿಕ್ಕಿದ್ರೆ ಏನ್ ಮಾಡ್ತೀರಿ?"

"ತಪ್ಪೋಲೆ ಹಾಕ್ತೀವಿ. ಏನು ತಪ್ಪು, ಸರಿ ಯಾವುದು ಅಂತ, ಪುಸ್ತಕದ ಕೊನೇಲಿ."

"ಯಾರೂ ನೋಡದೇ ಇದ್ರೆ?"

ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದರು. "ನೀನು ನೋಡಿದ್ಯಲ್ಲ" ಎಂದರು.

ಅತ್ತೆ ಒಳಗಿನಿಂದ "ಏನು ತಪ್ಪಿತು?" ಎಂದು ಕೂಗಿದರು. ಅವರ ಕಿವಿಗೆ ಬೇಡದ್ದೆಲ್ಲ ಬೀಳುತ್ತದೆ.

"ಏನಿಲ್ಲ ಅತ್ತೆ."

ಜನವರಿ 23, ಗುರುವಾರ

ಮೂರು ಸಾಲು ಬರೆದೆ. ಗುಂಡಿ ನಿಜವಾಗಿ ಒತ್ತಿದೆಯಾ ನೋಡು, ಒತ್ತಿದ್ದರೆ ಮಾತ್ರ ನನ್ನದು ಅನ್ನು, ಇಲ್ಲದಿದ್ದರೆ ನನ್ನದಲ್ಲ ಅನ್ನು. ದಾಖಲೆಗೆ ಇನ್ನೊಂದು ಸಾಲು, ಉತ್ತರ ಕೊಟ್ಟವರು ಯಾರು ಎಂದು.

ಬೆಳಗಿನ ಥಂಡಿ ದಿನಕ್ಕೆ ಒಂದೇ ಸಲ ಸಿಗುತ್ತದೆ, ಹತ್ತು ದಿನ ಕಾಯಲು ಪುರುಸೊತ್ತಿಲ್ಲ. ಪರೀಕ್ಷಕಿಗೆ ಹೇಳಿದೆ, ಇನ್ನು ಅವರನ್ನು ಗುಂಡಿಯಮ್ಮ ಎನ್ನುವುದಿಲ್ಲ. ಅವರು ಕ್ಯಾಂಟೀನಿನಿಂದ ಮಂಜುಗಡ್ಡೆ ತಂದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಪ್ರತಿ ಸಲ ಆನ್ ಮಾಡುವ ಮುಂಚೆ ಸೆನ್ಸರಿನ ಮೇಲಿಟ್ಟರು. ನನಗೆ ಹೊಳೆದಿರಲಿಲ್ಲ. ಮೊದಲು ಹಳೇ ಕೋಡಿನಲ್ಲಿ ಹತ್ತು ಸಲ: ಹತ್ತೂ ತಪ್ಪಿತು. ಆಮೇಲೆ ಹೊಸದರಲ್ಲಿ ನಲವತ್ತು ಸಲ: ಒಂದೂ ತಪ್ಪಲಿಲ್ಲ. ನಲವತ್ತು ಸಾಲನ್ನೂ ಅವರು ನಾನು ವಾಪಸ್ಸು ಕೊಟ್ಟ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು, ಸ್ವೆಟರಿನ ಕಾಲಮ್ಮಿಗೆ "ಮಂಜುಗಡ್ಡೆ" ಎಂದು.

"ಏನಾಗಿತ್ತು ಮೇಡಂ?"

"ನಾಳೆ ಮೀಟಿಂಗಿಗೆ ಬನ್ನಿ. ಪುಸ್ತಕ ತನ್ನಿ."

"ನಮ್ಮನ್ನ ಕರೆಯಲ್ಲ ಮೇಡಂ ಅದಕ್ಕೆ."

"ನಾನು ಕರೀತಿದ್ದೀನಿ."

ಜನವರಿ 24, ಶುಕ್ರವಾರ

ಮೀಟಿಂಗು ಹತ್ತಕ್ಕೆ. ನಾನು ಒಂಬತ್ತೂವರೆಗೇ ಹೋಗಿ ಮ್ಯಾನೇಜರಿನ ಎಡಗೈ ಪಕ್ಕದ ಕುರ್ಚಿಯಲ್ಲಿ ಕೂತೆ. ಬೋರ್ಡಿನವರು ಒಂಬತ್ತು ನಲವತ್ತಕ್ಕೆ ಬಂದು, ನನ್ನನ್ನು ಅಲ್ಲಿ ನೋಡಿ, ಬಾಗಿಲಲ್ಲೇ ನಿಂತರು. ತಮ್ಮದು ಎಂದುಕೊಂಡಿದ್ದ ಕುರ್ಚಿ ಅದು. ಕೈಯಲ್ಲಿ ಒಂದು ಕವರಿತ್ತು. ತಾವೇ ಕೆಲಸ ಬಿಡುವುದಾಗಿ ಬರೆದು ತಂದಿದ್ದರಂತೆ, ಆಮೇಲೆ ಗೊತ್ತಾಯಿತು.

"ಆ ಕಡೆ ಕೂತ್ಕೊಳ್ಳಿ. ಇವತ್ತು ಇಲ್ಲಿ ನಾನು."

ಪರೀಕ್ಷಕಿ ಗೋಡೆ ಪಕ್ಕದ ಕುರ್ಚಿಗೆ ಹೋದರು. ಅವರನ್ನೂ ಮೇಜಿಗೆ ಕರೆದೆ. ಮ್ಯಾನೇಜರ್ ಬಂದು, ಕಾಗದ ಜೋಡಿಸಿಕೊಂಡು, ಅಭ್ಯಾಸದಂತೆ ಎಡಕ್ಕೆ ತಿರುಗಿ ಬಾಯಿ ತೆರೆದವನು ನನ್ನನ್ನು ನೋಡಿ ತಡವರಿಸಿದ.

"ಕೇಳಿ" ಎಂದೆ. "ಪ್ರತಿ ಸಲ ಕೇಳೋದನ್ನೇ ಕೇಳಿ."

"ಅಲ್ಲ ಮೇಡಂ, ನಿಮ್ಮ ವರದಿ ಇದೆಯಲ್ಲ."

"ವರದಿ ತಪ್ಪು. ಕೇಳಿ."

"ಏನಿದು, ನಿಮ್ಮ ಕಡೆಯದಾ?"

"ನಂದು."

ಎದ್ದು ನಿಂತು ಗೋಡೆಯ ಬಿಳಿಹಲಗೆಯ ಮೇಲೆ ಬರೆದು ತೋರಿಸಿದೆ. ತಂತಿ, ಇಬ್ಬರು ಪಾಲುದಾರರು, ಥಂಡಿ, ಸಾಲು, ಹನ್ನೊಂದು ವರ್ಷದ ಟಿಪ್ಪಣಿ. ಟಿಪ್ಪಣಿಯನ್ನು ಇದ್ದ ಹಾಗೆಯೇ ಓದಿದೆ. ಯಾರೋ ನಕ್ಕರು, ನಗಲಿ ಎಂದು ನಿಂತೆ. ಬೋರ್ಡು ಮೊದಲ ದಿನದಿಂದ ಸರಿ ಇತ್ತು ಎಂದೆ, ಸೆನ್ಸರ್ ಸರಿ ಇತ್ತು ಎಂದೆ. ಕಾರಣ ಎಲ್ಲಿದೆ ಎಂದು ಇವರು ಹದಿನಾಲ್ಕನೇ ತಾರೀಖೇ ನನಗೆ ಹೇಳಿದ್ದರು, ನಾನು ಕೇಳಲಿಲ್ಲ ಎಂದು ಪರೀಕ್ಷಕಿಯ ಪುಸ್ತಕ ಎತ್ತಿ ಹಿಡಿದೆ.

ಇನ್ನೊಂದು ಮಾತನ್ನೂ ಹೇಳಿದೆ. "ಸಾರ್, ಹೋದ ಸಲ ಇದೇ ಕುರ್ಚಿಯಲ್ಲಿದ್ದವರು ನಂದೇ ಇರಬಹುದು ಅಂದ್ರು. ನೀವು ಅಲ್ಲಿಗೇ ನಿಲ್ಲಿಸಿದ್ರಿ. ನಾಲ್ಕನೇ ಕುರ್ಚಿಯಲ್ಲಿ ನಾನಿದ್ದೆ, ನನ್ನನ್ನ ಯಾರೂ ಕೇಳಲಿಲ್ಲ. ನನ್ನ ಕೋಡೂ ಇದನ್ನೇ ಮಾಡ್ತಿತ್ತು."

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು, ಕೊನೆಗೆ "ಹಾಗಾದ್ರೆ ಬೋರ್ಡು ಹೊರಗೆ ಕೊಡೋದು ಬೇಡ" ಎಂದ. ಬೋರ್ಡಿನವರು ಕವರನ್ನು ಮೇಜಿನ ಕೆಳಗೆ ಎರಡಾಗಿ ಮಡಚಿದ್ದು ನನಗೆ ಮಾತ್ರ ಕಂಡಿತು.

ಹೆಮ್ಮೆಯ ವಿಷಯಕ್ಕೆ ಬಂದರೆ, ನನ್ನ ತಪ್ಪೂ ಸಾಮಾನ್ಯ ತಪ್ಪಲ್ಲ. ಹನ್ನೊಂದು ವರ್ಷ ಯಾರ ಕೈಗೂ ಸಿಗದೆ ಕೂತಿತ್ತು. ಇದನ್ನು ಸಂಜೆ ಗಂಡನಿಗೆ ಹೇಳಿದಾಗ ಅವರು ನಗುತ್ತ ನಗುತ್ತ ಕನ್ನಡಕ ಒರೆಸಿಕೊಂಡರು. ಅತ್ತೆಗೂ ಹೇಳಿದೆ, ಎಲ್ಲವನ್ನೂ. ಪೂರ್ತಿ ಕೇಳಿ, "ಎಲ್ಲರ ಮುಂದೆ ನಿಂತು ಹೇಳಿದ್ಯಾ?" ಎಂದರು.

"ಹೇಳಿದೆ ಅತ್ತೆ."

"ಸರಿ. ಕೂತ್ಕೋ, ಊಟ ಮಾಡು" ಎಂದು ತಟ್ಟೆ ಅವರೇ ಹಾಕಿದರು. ಮೆಟ್ಟಿಲಿನಲ್ಲಿ ಇದನ್ನು ಯಾವ ರೀತಿ ಹೇಳಿಕೊಂಡು ಬರುತ್ತಾರೋ ನೋಡಬೇಕು.

ಜನವರಿ 28, ಮಂಗಳವಾರ

ಕಡತದ ನೆತ್ತಿಯ ಮೇಲೆ ಇನ್ನೆರಡು ಹೆಸರು ಸೇರಿಸಿದೆ. ಪರೀಕ್ಷಕಿಯದು, ಬೋರ್ಡಿನವರದು. ಜಾಗ ಇತ್ತು.

ಪರೀಕ್ಷಕಿಯ ಕೋಣೆಯ ಕಿಟಕಿ ಸರಿಮಾಡಿಸಲು ಹೇಳಿದರೆ ಅವರು ಬೇಡ ಎಂದರು. ಥಂಡಿ ಇರಲಿ ಮೇಡಂ, ಇನ್ನೂ ಏನೇನು ಇದೆಯೋ ಸಿಗುತ್ತೆ ಎಂದರು. ಮಫ್ಲರ್ ವಾಪಸ್ಸು ಕೊಡಲು ಮರೆತೆ.

ಫೆಬ್ರವರಿ 7, ಶುಕ್ರವಾರ

ಹತ್ತು ದಿನದಿಂದ ಬರೆಯುವಂಥದ್ದು ಏನೂ ಇರಲಿಲ್ಲ. ಯಂತ್ರ ಚೆನ್ನಾಗಿದೆ. ಏಳುನೂರು ಸಲ ಗುಳ್ಳೆ ಬಿಟ್ಟಾಯಿತು, ಏಳುನೂರು ಸಲವೂ ಹೊತ್ತಿಗೆ ಸರಿಯಾಗಿ ಕೂಗಿದೆ. ಮುಂದಿನ ತಿಂಗಳು ಮೊದಲ ಯಂತ್ರ ಆಸ್ಪತ್ರೆಗೆ ಹೋಗುತ್ತದೆ. ನಮ್ಮ ಕರ್ನೆಲ್ ಇಷ್ಟು ಗಟ್ಟಿಯಾಗಿ ಯಾವತ್ತೂ ಇರಲಿಲ್ಲ.

ಇವತ್ತು ಹೊಸ ದೂರು. ಪಂಪು ಶುರುವಾದಾಗ ಪರದೆ ಒಂದು ಕ್ಷಣ ಮಿನುಗುತ್ತದೆ. ಯಾರಿಗೂ ಅಪಾಯವಿಲ್ಲ, ಆದರೂ ಮಿನುಗಬಾರದು. ಮೀಟಿಂಗಿನಲ್ಲಿ ಮ್ಯಾನೇಜರ್ ಎಡಕ್ಕೆ ತಿರುಗಿದ. ಆ ಕುರ್ಚಿಯಲ್ಲಿ ಮತ್ತೆ ಬೋರ್ಡಿನವರೇ ಕೂತಿದ್ದರು.

"ನಿಮ್ಮ ಕಡೆಯದಾ?"

ಅವರು ತಮ್ಮ ಕಾಗದ ನೋಡಿದರು. ಆಮೇಲೆ ತಲೆ ಎತ್ತಿದರು.

"ಬೆಳಿಗ್ಗೆಯಿಂದ ಅಳತೆ ಮಾಡಿ ನೋಡಿದೆ ಸಾರ್. ಇದು ನಂದಲ್ಲ."

ಒಂಬತ್ತು ವರ್ಷದಲ್ಲಿ ಆ ಬಾಯಿಂದ ಈ ಮಾತು ಮೊದಲ ಸಲ ಬಂದಿತ್ತು. ಪರೀಕ್ಷಕಿ ನನ್ನ ಕಡೆ ನೋಡಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ನಾನೇ ಬರೆದ ಸಾಲು ಮೊದಲ ಸಲ ಸರಿಯಾಗಿ ಓಡಿದಾಗಲೂ ಅಷ್ಟು ಆಗಿರಲಿಲ್ಲ.

ಮ್ಯಾನೇಜರ್ ನಿಲ್ಲಿಸಲಿಲ್ಲ. ಮುಂದಿನ ಕುರ್ಚಿ ಕೇಳಿದ, ಅದರ ಮುಂದಿನದು ಕೇಳಿದ, ನನ್ನವರೆಗೆ ಬಂದ.

"ಹಾಗಾದ್ರೆ ನಿಮ್ಮದಾ ಮೇಡಂ?"

"ನೋಡಿ ಹೇಳ್ತೀನಿ" ಎಂದೆ.